ಒಂದು ಹಾಡು, ಎರಡು ದನಿ: ‘ಲೆಟ್ ಇಟ್ ಗೋ’ ಎರಡೆರಡು ಸಲ ರೆಕಾರ್ಡ್ ಆದದ್ದು ಯಾಕೆ?

ಶಾಲೆಯ ವಾರ್ಷಿಕೋತ್ಸವಕ್ಕೆ ಮಗು ‘ಲೆಟ್ ಇಟ್ ಗೋ’ ಹಾಡಬೇಕು ಎಂದು ಟೀಚರ್ ಹೇಳಿ ಕಳಿಸುತ್ತಾರೆ. ಫೋನಿನಲ್ಲಿ ಹುಡುಕಿದರೆ ಅದೇ ಹೆಸರಿನ, ಅದೇ 2013ರ, ಅದೇ ‘ಫ್ರೋಜನ್’ ಚಿತ್ರದ ಎರಡು ಹಾಡು ಸಿಗುತ್ತವೆ. ಒಂದು ಇಡೀನಾ ಮೆಂಜೆಲ್ ಹಾಡಿದ್ದು, 3 ನಿಮಿಷ 44 ಸೆಕೆಂಡು. ಇನ್ನೊಂದು ಡೆಮಿ ಲೊವಾಟೊ ಹಾಡಿದ್ದು, 3 ನಿಮಿಷ 47 ಸೆಕೆಂಡು. ಎರಡನ್ನೂ ಹೊರತಂದದ್ದು ಡಿಸ್ನಿಯೇ. ಉದ್ದ ಹೆಚ್ಚುಕಡಿಮೆ ಒಂದೇ ಇರುವುದರಿಂದ ವ್ಯತ್ಯಾಸ ಮೇಲ್ನೋಟಕ್ಕೆ ಗೊತ್ತಾಗುವುದಿಲ್ಲ. ಮನೆಯಲ್ಲಿ ಒಂದನ್ನು ಕಲಿತು ವೇದಿಕೆಯಲ್ಲಿ ಇನ್ನೊಂದರ ಕರೋಕೆ ಟ್ರ್ಯಾಕ್ ಹಾಕಿಸಿಕೊಂಡ ಮಗು ಮಾತ್ರ ಅರ್ಧ ದಾರಿಯಲ್ಲಿ ತಬ್ಬಿಬ್ಬಾಗುತ್ತದೆ. ಶ್ರುತಿ ಬೇರೆ, ನಡುವಿನ ಸಾಲುಗಳೂ ಬೇರೆ.

ಇದು ನಕಲು ಮತ್ತು ಅಸಲಿನ ಪ್ರಶ್ನೆ ಅಲ್ಲ. ಹಾಲಿವುಡ್ಡಿನ ಆನಿಮೇಷನ್ ಚಿತ್ರಗಳಲ್ಲಿ ಒಂದೇ ಹಾಡನ್ನು ಎರಡು ಬೇರೆ ಕೆಲಸಗಳಿಗಾಗಿ ಎರಡು ಸಲ ರೆಕಾರ್ಡ್ ಮಾಡುವ ರೂಢಿ ದಶಕಗಳಿಂದ ಇದೆ. ಆ ಕೆಲಸಗಳು ಯಾವುವು ಎಂದು ತಿಳಿದರೆ ಹಾಡಿನಲ್ಲಿ ಏನು ಬದಲಾಗಿದೆ, ಯಾಕೆ ಬದಲಾಗಿದೆ ಎನ್ನುವುದು ತಾನಾಗಿ ಬಿಡಿಸಿಕೊಳ್ಳುತ್ತದೆ.

ಬ್ಯಾಲಡ್ ಎಂದರೆ ಎಂಥ ಹಾಡು

ಪಾಪ್ ಸಂಗೀತದಲ್ಲಿ ಬ್ಯಾಲಡ್ ಎಂದರೆ ನಿಧಾನ ನಡೆಯ, ಭಾವ ತುಂಬಿದ, ಒಬ್ಬರ ಅಥವಾ ಇಬ್ಬರ ದನಿಯನ್ನೇ ಮುಂದಿಟ್ಟುಕೊಂಡ ಹಾಡು. ನಿಮಿಷಕ್ಕೆ 60ರಿಂದ 80 ಪೆಟ್ಟಿನ ಆಸುಪಾಸಿನಲ್ಲಿ ಅದರ ಲಯ ಇರುತ್ತದೆ. ಇದರಲ್ಲೇ ಪವರ್ ಬ್ಯಾಲಡ್ ಎಂಬ ಒಂದು ಬಗೆ: ಪಿಯಾನೊ ಮತ್ತು ಮೆಲುದನಿಯಿಂದ ಶುರುವಾಗಿ, ಹಂತಹಂತವಾಗಿ ವಾದ್ಯಗಳು ಸೇರಿ, ಕೊನೆಯ ಪಲ್ಲವಿಯ ಹೊತ್ತಿಗೆ ಪೂರ್ತಿ ಗಂಟಲು ಬಿಚ್ಚಿ ಹಾಡುವಂಥದ್ದು. ‘ಲೆಟ್ ಇಟ್ ಗೋ’ ಈ ಜಾತಿಗೆ ಸೇರಿದ್ದು. ಸ್ವರಲಿಪಿಯ ಪುಸ್ತಕದಲ್ಲಿ ಇದರ ವೇಗ 137 ಎಂದಿರುತ್ತದೆ. ಅದನ್ನು ನೋಡಿ ಗಾಬರಿ ಬೇಡ, ಕಿವಿಗೆ ತಟ್ಟುವ ಲಯ ಅದರ ಅರ್ಧ. ಮೆಟ್ರೊನೋಮ್ ಆ್ಯಪ್‌ನಲ್ಲಿ 68 ಅಥವಾ 69 ಇಟ್ಟುಕೊಂಡರೆ ಅಭ್ಯಾಸಕ್ಕೆ ಹಿತ.

ಚಿತ್ರದೊಳಗೆ ಹಾಡಿಗೆ ಏನು ಕೆಲಸ

‘ಫ್ರೋಜನ್’ ಚಿತ್ರಕ್ಕೆ ಹಿನ್ನೆಲೆಯಾಗಿ ಇರುವುದು ಹ್ಯಾನ್ಸ್ ಕ್ರಿಶ್ಚಿಯನ್ ಆ್ಯಂಡರ್ಸನ್ನರ ಹಿಮರಾಣಿಯ ಕಥೆ. ಈ ಹಾಡನ್ನು ಚಿತ್ರದಲ್ಲಿ ಹಾಡುವುದು ಹಿಮ ಹುಟ್ಟಿಸುವ ಮಾಂತ್ರಿಕ ಶಕ್ತಿಯ ರಾಣಿ ಎಲ್ಸಾ, ಅವಳ ದನಿ ಮೆಂಜೆಲ್ ಅವರದು. ಸಿದ್ಧತೆಯ ಮೊದಲ ಹಂತಗಳಲ್ಲಿ ಎಲ್ಸಾ ಖಳನಾಯಕಿಯಾಗಿದ್ದಳು. ಗೀತರಚನೆಗೆ ಕೂತ ದಂಪತಿ ಕ್ರಿಸ್ಟನ್ ಆ್ಯಂಡರ್ಸನ್-ಲೋಪೆಜ್ ಮತ್ತು ರಾಬರ್ಟ್ ಲೋಪೆಜ್ ಅವಳನ್ನು ಒಳಗಿನಿಂದ ನೋಡಿದರು. ವರ್ಷಗಟ್ಟಲೆ ತನ್ನ ಶಕ್ತಿಯನ್ನು ಬಚ್ಚಿಟ್ಟುಕೊಂಡ, ತನ್ನ ಬಗ್ಗೆ ತಾನೇ ಹೆದರಿದ ಹುಡುಗಿ ಅವರಿಗೆ ಕಂಡಳು. ಒಂದೇ ದಿನದಲ್ಲಿ ಹಾಡು ಬರೆದರು. ಹಾಡು ಕೇಳಿದ ಮೇಲೆ ಅವಳನ್ನು ಕೆಟ್ಟವಳಾಗಿ ತೋರಿಸುವುದು ಸಾಧ್ಯವಾಗದೆ ಚಿತ್ರತಂಡ ಚಿತ್ರಕಥೆಯನ್ನೇ ತಿದ್ದಿ ಬರೆಯಿತು. ಸಾಮಾನ್ಯವಾಗಿ ಕಥೆಗೆ ಹಾಡು ಹೊಂದುತ್ತದೆ, ಇಲ್ಲಿ ಹಾಡಿಗೆ ಕಥೆ ಹೊಂದಿತು.

ಆದ್ದರಿಂದ ಚಿತ್ರದ ಆವೃತ್ತಿಯ ಪ್ರತಿ ತುಣುಕಿಗೂ ಪರದೆಯ ಮೇಲೆ ಒಂದು ಘಟನೆ ಕಟ್ಟಿಕೊಂಡಿದೆ. ಮೊದಲ ಚರಣದಲ್ಲಿ ಅವಳು ಒಂಟಿಯಾಗಿ ಬೆಟ್ಟ ಹತ್ತುತ್ತಾಳೆ. ಕೈಗವಸು ಬಿಸಾಡುತ್ತಾಳೆ, ಮೇಲುವಸ್ತ್ರ ಗಾಳಿಗೆ ಬಿಡುತ್ತಾಳೆ, ಮಂಜಿನ ಮೆಟ್ಟಿಲು ಕಟ್ಟುತ್ತಾಳೆ. ಎರಡನೇ ಪಲ್ಲವಿಯ ನಂತರ ಬರುವ ಭಾಗದಲ್ಲಿ ಇಡೀ ಅರಮನೆ ನೆಲದಿಂದ ಏಳುತ್ತದೆ. ಪಲ್ಲವಿಗಿಂತ ಬೇರೆ ಧಾಟಿಯಲ್ಲಿ ಬಂದು ಮತ್ತೆ ಪಲ್ಲವಿಗೆ ದಾಟಿಸುವ ಈ ಭಾಗವನ್ನು ಪಾಪ್‌ನವರು ಬ್ರಿಡ್ಜ್ ಎನ್ನುತ್ತಾರೆ. ಆ ಜಾಗದ ಸಾಹಿತ್ಯವೂ ಹರಳು, ಹಿಮ, ಜ್ಯಾಮಿತಿಯ ಆಕಾರಗಳ ಬಗ್ಗೆಯೇ ಇದೆ. ಕೊನೆಯ ಸಾಲನ್ನು ಮೆಂಜೆಲ್ ಅಬ್ಬರಿಸುವುದಿಲ್ಲ. ಭುಜ ಕುಣಿಸಿದಂತೆ ಅಸಡ್ಡೆಯಿಂದ ಹೇಳಿ ಬಿಡುತ್ತಾರೆ, ಬಾಗಿಲು ಧಡಾರನೆ ಮುಚ್ಚುತ್ತದೆ.

ಸ್ವರದಲ್ಲೂ ಕಥೆ ಇದೆ, ಸಂಗೀತ ಕಲಿತವರಿಗೆ ಇದು ಹೆಚ್ಚು ರುಚಿಸುವ ಭಾಗ. ಚರಣ ಎಫ್ ಮೈನರ್‌ನಲ್ಲಿದೆ, ಪಲ್ಲವಿ ಎ-ಫ್ಲ್ಯಾಟ್ ಮೇಜರ್‌ನಲ್ಲಿದೆ. ಎರಡಕ್ಕೂ ಬಳಸುವ ಸ್ವರಗಳು ಅವೇ ಏಳು, ಆಧಾರ ಷಡ್ಜ ಮಾತ್ರ ಬೇರೆ. ಅಂದರೆ ಇದು ಗ್ರಹಭೇದ. ನಟಭೈರವಿಯ ಗಾಂಧಾರವನ್ನು ಷಡ್ಜ ಮಾಡಿಕೊಂಡರೆ ಶಂಕರಾಭರಣ ಹುಟ್ಟುತ್ತದೆ. ಪಕ್ಕವಾದ್ಯದ ಸ್ವರಮೇಳದಲ್ಲಿ ಅಲ್ಲಲ್ಲಿ ಅನ್ಯಸ್ವರ ಸುಳಿಯುವುದನ್ನು ಬಿಟ್ಟರೆ ಹಾಡು ಮಾಡುವುದು ಅದನ್ನೇ. ಅಂಜಿದ ಹುಡುಗಿ ನಟಭೈರವಿಯಲ್ಲಿ ಬೆಟ್ಟ ಹತ್ತುತ್ತಾಳೆ, ಶಂಕರಾಭರಣದಲ್ಲಿ ನೆಲೆ ನಿಲ್ಲುತ್ತಾಳೆ. ಪಲ್ಲವಿ ಬಂದಾಗ ಕಿಟಕಿ ತೆಗೆದಂತೆ ಅನ್ನಿಸುವುದಕ್ಕೆ ಗಂಟಲಿನ ಏರಿಗಿಂತ ಈ ಷಡ್ಜದ ಜಿಗಿತವೇ ದೊಡ್ಡ ಕಾರಣ.

ಪಾಪ್ ಆವೃತ್ತಿ ಯಾಕೆ ಬೇಕಾಯಿತು

ಕಾರಣ ರೇಡಿಯೊ. ಸಿನಿಮಾ ನೋಡದವನ ಕಾರಿನಲ್ಲಿ, ಅಂಗಡಿಯಲ್ಲಿ, ಅಡುಗೆಮನೆಯಲ್ಲಿ ಹಾಡು ಓಡಬೇಕು. ಪಾತ್ರದ ದನಿಯಲ್ಲಿರುವ, ಕಥೆಯೊಳಗೆ ಅರ್ಧ ಮುಳುಗಿರುವ ಹಾಡನ್ನು ಪಾಪ್ ಸ್ಟೇಷನ್‌ಗಳು ಹಾಕುತ್ತಿರಲಿಲ್ಲ. ಹೆಸರಿರುವ ಗಾಯಕರಿಂದ ಅದೇ ಹಾಡನ್ನು ಇನ್ನೊಮ್ಮೆ ಹಾಡಿಸಿ, ಚಿತ್ರದ ಕೊನೆಯಲ್ಲಿ ಹೆಸರುಗಳು ಸರಿಯುವಾಗ ಕೇಳಿಸಿ, ಸಿಂಗಲ್ ಆಗಿ, ಅಂದರೆ ಬಿಡಿ ಹಾಡಾಗಿ, ಬಿಡುಗಡೆ ಮಾಡುವುದು ಇದಕ್ಕೆ ಸಿಕ್ಕ ದಾರಿ.

ಯಕ್ಷಗಾನ ಬಲ್ಲವರಿಗೆ ಇದು ಹೊಸದೇನಲ್ಲ. ಪ್ರಸಂಗದೊಳಗೆ ಭಾಗವತರು ಹಾಡುವ ಪದ್ಯ ವೇಷಧಾರಿಯ ಕುಣಿತಕ್ಕೆ, ಮುಂದಿನ ಅರ್ಥಗಾರಿಕೆಗೆ ದಾರಿ ಮಾಡಿಕೊಡಬೇಕು, ಅಲ್ಲಿ ಪದ್ಯ ರಂಗದ ಆಳು. ಅದೇ ಪದ್ಯವನ್ನು ಗಾನವೈಭವದಲ್ಲಿ ಹಾಡುವಾಗ ಕಾಯುವ ವೇಷವಿಲ್ಲ. ರಾಗ ಹಿಗ್ಗುತ್ತದೆ, ಇಬ್ಬರು ಭಾಗವತರು ಹಂಚಿಕೊಂಡು ಹಾಡಬಹುದು, ಕೇಳುಗರಿಗೆ ಆ ಪ್ರಸಂಗದ ಕಥೆ ಗೊತ್ತಿರಲೇಬೇಕು ಎಂದೇನೂ ಇಲ್ಲ.

ಆನಿಮೇಷನ್‌ನಲ್ಲಿ ಈ ಸೂತ್ರ ದುಡ್ಡು ತರುತ್ತದೆ ಎಂದು ತೋರಿಸಿದ್ದು 1986ರ ‘ಆ್ಯನ್ ಅಮೆರಿಕನ್ ಟೇಲ್’, ಅದು ಡಿಸ್ನಿಯ ಚಿತ್ರವಲ್ಲ. ಚಿತ್ರದಲ್ಲಿ ಇಬ್ಬರು ಮಕ್ಕಳು ಇಲಿಮರಿಗಳ ದನಿಯಾಗಿ ಹಾಡಿದ ‘ಸಮ್‌ವೇರ್ ಔಟ್ ದೇರ್’ ಅನ್ನು ಲಿಂಡಾ ರಾನ್‌ಸ್ಟಾಟ್ ಮತ್ತು ಜೇಮ್ಸ್ ಇಂಗ್ರಾಮ್ ಮತ್ತೆ ಹಾಡಿದರು. 1987ರಲ್ಲಿ ಅದು ಅಮೆರಿಕದ ಜನಪ್ರಿಯ ಹಾಡುಗಳ ವಾರದ ಪಟ್ಟಿಯಾದ ಬಿಲ್‌ಬೋರ್ಡ್ ಹಾಟ್ 100ರಲ್ಲಿ 2ನೇ ಸ್ಥಾನದವರೆಗೆ ಏರಿತು.

ಡಿಸ್ನಿ ಇದನ್ನು ಪದ್ಧತಿಯಾಗಿ ಮಾಡಿಕೊಂಡದ್ದು 1991ರ ‘ಬ್ಯೂಟಿ ಆ್ಯಂಡ್ ದ ಬೀಸ್ಟ್’ ಇಂದ. ಆ ಚಿತ್ರದ ಶೀರ್ಷಿಕೆ ಗೀತೆಗೆ ಸಂಗೀತ ಆ್ಯಲನ್ ಮೆಂಕೆನ್ ಅವರದು, ಸಾಹಿತ್ಯ ಹಾವರ್ಡ್ ಆ್ಯಶ್‌ಮನ್ ಅವರದು. ಚಿತ್ರದಲ್ಲಿ ಹಾಡುವುದು ಒಂದು ಚಹಾದ ಹೂಜಿ. ಆ ಪಾತ್ರಕ್ಕೆ ದನಿ ಕೊಟ್ಟ ಆ್ಯಂಜೆಲಾ ಲ್ಯಾನ್ಸ್‌ಬರಿಯವರಿಗೆ ತನ್ನ ವಯಸ್ಸಾದ ದನಿಗೆ ಈ ಹಾಡು ಒಗ್ಗೀತೇ ಎಂಬ ಅಳುಕಿತ್ತು. ಯಾವುದಕ್ಕೂ ಇರಲಿ ಎಂದು ಚಿತ್ರತಂಡ ಅವರಿಂದ ಒಂದು ಟೇಕ್ ಹಾಡಿಸಿಕೊಂಡಿತು, ಚಿತ್ರದಲ್ಲಿ ಉಳಿದದ್ದು ಅದೇ. ಸುಮಾರು ಎರಡೂ ಮುಕ್ಕಾಲು ನಿಮಿಷದ, ಅಜ್ಜಿ ಕಥೆ ಹೇಳುವ ದನಿಯ ಹಾಡು ಅದು. ಪಾಪ್ ಆವೃತ್ತಿಗೆ ನಿರ್ಮಾಪಕ ವಾಲ್ಟರ್ ಅಫನಾಸಿಯೆಫ್ ಅದನ್ನು ಸುಮಾರು ನಾಲ್ಕು ನಿಮಿಷಕ್ಕೆ ಹಿಗ್ಗಿಸಿ ಯುಗಳಗೀತೆ ಮಾಡಿದರು. ಕೆನಡಾದ ಸೆಲೀನ್ ಡಿಯೋನ್ ಆಗ ಅಮೆರಿಕದಲ್ಲಿ ಅಷ್ಟೇನೂ ಪರಿಚಿತರಲ್ಲ. ಅವರೊಬ್ಬರ ಮೇಲೆ ಭಾರ ಹಾಕಲು ಧೈರ್ಯ ಸಾಲದೆ ಡಿಸ್ನಿ ಪೀಬೊ ಬ್ರೈಸನ್ ಅವರನ್ನು ಜೊತೆ ಮಾಡಿತು. ಅಜ್ಜಿ ಪ್ರೇಮಿಗಳನ್ನು ಹೊರಗಿನಿಂದ ನೋಡಿ ಹಾಡಿದ ಹಾಡು, ಹೀಗೆ ಪ್ರೇಮಿಗಳೇ ಹಾಡುವ ಹಾಡಾಯಿತು. ಹಾಟ್ 100ರಲ್ಲಿ ಅದು 9ನೇ ಸ್ಥಾನ ತಲುಪಿತು, ಡಿಯೋನ್ ಅವರ ಹೆಸರು ಮನೆಮನೆಗೂ ಹೋಯಿತು.

ಮರುವರ್ಷದ ‘ಅಲಾದ್ದೀನ್’ ಚಿತ್ರದ ‘ಎ ಹೋಲ್ ನ್ಯೂ ವರ್ಲ್ಡ್’ ಪಾಪ್ ಆವೃತ್ತಿಯಲ್ಲಿ ಬ್ರೈಸನ್ ಮತ್ತು ರೆಜೀನಾ ಬೆಲ್ ಹಾಡಿದರು. 1993ರ ಮಾರ್ಚ್‌ನಲ್ಲಿ ಅದು 1ನೇ ಸ್ಥಾನಕ್ಕೇ ಹೋಯಿತು. ಆಮೇಲೆ ಸುಮಾರು ಎರಡು ದಶಕ ಪ್ರತಿ ದೊಡ್ಡ ಆನಿಮೇಷನ್ ಚಿತ್ರಕ್ಕೂ ಇಂಥ ಒಂದು ಹಾಡು ಇರಲೇಬೇಕು ಎನ್ನುವಂತಾಯಿತು. 1998ರ ‘ಮುಲಾನ್’ ಚಿತ್ರದೊಳಗೆ ಲೀಯಾ ಸಲೋಂಗಾ ಹಾಡಿದ ‘ರಿಫ್ಲೆಕ್ಷನ್’ ಅನ್ನು ಪಾಪ್‌ನಲ್ಲಿ ಹಾಡಿದ ಹದಿಹರೆಯದ ಹುಡುಗಿ ಕ್ರಿಸ್ಟಿನಾ ಅಗಿಲೆರಾ, ಅವರ ವೃತ್ತಿಗೆ ಬಾಗಿಲು ತೆರೆದದ್ದು ಅದೇ ಹಾಡು.

ಎರಡು ‘ಲೆಟ್ ಇಟ್ ಗೋ’ ಪಕ್ಕಪಕ್ಕದಲ್ಲಿ

ಲೊವಾಟೊ ಅವರ ಆವೃತ್ತಿ 2013ರ ಅಕ್ಟೋಬರ್ 21ರಂದು, ಚಿತ್ರಕ್ಕಿಂತ ಒಂದು ತಿಂಗಳು ಮೊದಲೇ ಬಂತು. ಅದು ಜಿ ಮೇಜರ್‌ನಲ್ಲಿದೆ, ಮೆಂಜೆಲ್ ಅವರದಕ್ಕಿಂತ ಅರ್ಧ ಸ್ವರ ಕೆಳಗೆ. ಹಾರ್ಮೋನಿಯಂ ಮನೆಗಳ ನಮ್ಮ ಲೆಕ್ಕದಲ್ಲಿ ಮೆಂಜೆಲ್ ಹಾಡಿದ್ದು ಐದೂವರೆ ಮನೆ ಶ್ರುತಿಗೆ, ಲೊವಾಟೊ ಹಾಡಿದ್ದು ಐದು ಮನೆಗೆ. ಒಂದನ್ನು ಕಲಿತು ಇನ್ನೊಂದರ ಟ್ರ್ಯಾಕ್‌ಗೆ ಹಾಡಿದರೆ ಅಪಸ್ವರ ಯಾಕೆ ಕೇಳುತ್ತದೆ ಎನ್ನುವುದಕ್ಕೆ ಇಷ್ಟು ಸಾಕು. ಅರ್ಧ ಸ್ವರದ ತಪ್ಪು ಪೂರ್ಣ ಸ್ವರದ ತಪ್ಪಿಗಿಂತ ಕರ್ಕಶ.

ವಾದ್ಯಗಳಲ್ಲಿ ಮೆಂಜೆಲ್ ಹಿಂದೆ ಪಿಯಾನೊದಿಂದ ಬೆಳೆಯುವ ವಾದ್ಯವೃಂದವಿದೆ. ಲೊವಾಟೊ ಹಿಂದೆ ಡ್ರಮ್ಸ್, ಗಿಟಾರ್, ಸಿಂಥಸೈಸರ್ ಮುಂದೆ ಬರುತ್ತವೆ. ಬಾಗಿಲು ಮುಚ್ಚುವ ನಾಟಕೀಯ ಕೊನೆ ಇಲ್ಲ.

ಮುಖ್ಯವಾದ ಬದಲಾವಣೆ ಬ್ರಿಡ್ಜ್‌ನಲ್ಲಿದೆ. ಅರಮನೆ ಕಟ್ಟುವ ಸಾಲುಗಳನ್ನು ಲೊವಾಟೊ ಹಾಡುವುದಿಲ್ಲ. ಅವುಗಳ ಜಾಗದಲ್ಲಿ ತಾನು ಆರಿಸಿಕೊಂಡ ಬದುಕು, ಹಿಮದಡಿ ಹೂತ ಹಳೆಯದು ಎಂಬ ಅರ್ಥದ ಬೇರೆಯೇ ಸಾಲುಗಳಿವೆ. ಮೆಂಜೆಲ್ ಸಾಲುಗಳು ಮಾಂತ್ರಿಕ ಶಕ್ತಿಯುಳ್ಳ ಒಬ್ಬಳಿಗೆ ಮಾತ್ರ ಸಲ್ಲುತ್ತವೆ. ಲೊವಾಟೊ ಸಾಲುಗಳು ಊರು ಬಿಟ್ಟವರಿಗೂ ಪ್ರೇಮಭಂಗವಾದವರಿಗೂ ಕೆಲಸ ಬಿಟ್ಟವರಿಗೂ ಹೊಂದುತ್ತವೆ. ಕಥೆಯನ್ನು ಕಳಚಿ ಹಾಡನ್ನು ಸಾರ್ವಜನಿಕ ಮಾಡುವುದು ಎಂದರೆ ಇದೇ. ಮಕ್ಕಳು ಗೊಂದಲಕ್ಕೆ ಬೀಳುವುದೂ ಈ ಜಾಗದಲ್ಲೇ. ಎರಡನೇ ಪಲ್ಲವಿಯವರೆಗೆ ಸಾಹಿತ್ಯ ಬಹುಪಾಲು ಒಂದೇ ಇದ್ದು, ಆಮೇಲೆ ದಾರಿ ಕವಲೊಡೆಯುತ್ತದೆ.

ಆದರೆ ಈ ಸಲ ಸೂತ್ರ ತಿರುಗಿ ಬಿತ್ತು. ಹಾಟ್ 100ರಲ್ಲಿ ಲೊವಾಟೊ ಆವೃತ್ತಿ 38ನೇ ಸ್ಥಾನಕ್ಕೆ ನಿಂತರೆ, ರೇಡಿಯೊಗೆಂದು ಮಾಡದೇ ಇದ್ದ ಮೆಂಜೆಲ್ ಆವೃತ್ತಿ 2014ರಲ್ಲಿ 5ನೇ ಸ್ಥಾನಕ್ಕೆ ಹೋಯಿತು. 2013ರ ಡಿಸೆಂಬರ್‌ನಲ್ಲಿ ಡಿಸ್ನಿ ಆ ಇಡೀ ದೃಶ್ಯವನ್ನು ಯೂಟ್ಯೂಬ್‌ಗೆ ಹಾಕಿತ್ತು. ಮಕ್ಕಳಿಗೆ ಬೇಕಾದದ್ದು ಬರೀ ಹಾಡಲ್ಲ, ಮೆಟ್ಟಿಲು, ಅರಮನೆ, ಬಾಗಿಲು ಎಲ್ಲವೂ. ಅದು ಕೈಯಲ್ಲಿರುವ ಪರದೆಯಲ್ಲೇ ಸಿಕ್ಕಮೇಲೆ ರೇಡಿಯೊ ಎಂಬ ಮಧ್ಯವರ್ತಿಯ ಅಗತ್ಯ ಕುಗ್ಗಿತು. ಜಪಾನಿನಲ್ಲೂ ಹೀಗೇ ಇಬ್ಬರು ಗಾಯಕಿಯರಿದ್ದರು: ಚಿತ್ರದೊಳಗೆ ನಟಿ ಮಾತ್ಸು ತಕಾಕೊ, ಕೊನೆಯ ಹೆಸರುಗಳ ಹೊತ್ತಿಗೆ ಪಾಪ್ ಗಾಯಕಿ ಮೇ ಜೆ. ಅಲ್ಲೂ ಜನರ ಬಾಯಿಗೆ ಹೆಚ್ಚಾಗಿ ಬಂದದ್ದು ಚಿತ್ರದೊಳಗಿನ ದನಿಯೇ.

ಹಾಗೆಂದು ಡಿಸ್ನಿ ಈ ಪದ್ಧತಿ ಬಿಡಲಿಲ್ಲ. 2017ರ ಹೊಸ ‘ಬ್ಯೂಟಿ ಆ್ಯಂಡ್ ದ ಬೀಸ್ಟ್’ ಚಿತ್ರದಲ್ಲಿ ಎಮ್ಮಾ ಥಾಂಪ್ಸನ್ ಒಳಗೆ ಹಾಡಿದರೆ ಅರಿಯಾನಾ ಗ್ರಾಂಡೆ ಮತ್ತು ಜಾನ್ ಲೆಜೆಂಡ್ ಕೊನೆಯಲ್ಲಿ ಹಾಡಿದರು. 2019ರ ‘ಫ್ರೋಜನ್ 2’ ಚಿತ್ರಕ್ಕಂತೂ ಒಂದಲ್ಲ, ಮೂರು ಹಾಡಿಗೆ ಪಾಪ್ ಮತ್ತು ರಾಕ್ ಆವೃತ್ತಿಗಳು ಬಂದವು.

ಆಸ್ಕರ್ ಯಾರಿಗೆ ಬಂತು

ಗಾಯಕಿಯರಿಬ್ಬರಿಗೂ ಅಲ್ಲ. ಅತ್ಯುತ್ತಮ ಮೂಲಗೀತೆಯ ಆಸ್ಕರ್ ಸಿಗುವುದು ಹಾಡು ಬರೆದವರಿಗೆ, ಸಂಯೋಜಿಸಿದವರಿಗೆ. 2014ರಲ್ಲಿ ಅದು ಲೋಪೆಜ್ ದಂಪತಿಗೆ ಬಂತು. 1992ರಲ್ಲಿ ಮೆಂಕೆನ್ ಅವರಿಗೂ ಆ್ಯಶ್‌ಮನ್ ಅವರಿಗೂ ಬಂದಿತ್ತು. ಆ್ಯಶ್‌ಮನ್ ಚಿತ್ರ ತೆರೆಗೆ ಬರುವ ಮೊದಲೇ, 1991ರ ಮಾರ್ಚ್‌ನಲ್ಲಿ ಏಡ್ಸ್‌ನಿಂದ ತೀರಿಕೊಂಡಿದ್ದರು. ಹಾಡು ಆ ಚಿತ್ರಕ್ಕೆಂದೇ ಬರೆದದ್ದಾಗಿರಬೇಕು, ಚಿತ್ರದ ಒಡಲಲ್ಲಿ ಅಥವಾ ಕೊನೆಯ ಹೆಸರುಗಳು ಶುರುವಾದಾಗ ಬರುವ ಮೊದಲ ಸಂಗೀತವಾಗಿ ಸ್ಪಷ್ಟವಾಗಿ ಕೇಳಿಸಬೇಕು ಎನ್ನುವುದು ನಿಯಮ. ಹಳೆಯ ಹಾಡಿನ ಹೊಸ ಆವೃತ್ತಿಗೆ ಆ ಬಾಗಿಲು ತೆರೆಯುವುದಿಲ್ಲ.

ನೀವು ಹಾಡುವುದಾದರೆ

ಮೊದಲು ಆವೃತ್ತಿ ಆರಿಸಿಕೊಳ್ಳಿ, ಆಮೇಲೆ ಟ್ರ್ಯಾಕ್. ಕರೋಕೆ ಟ್ರ್ಯಾಕ್‌ನ ಹೆಸರಿನಲ್ಲಿ ಗಾಯಕಿಯ ಹೆಸರಿಲ್ಲದಿದ್ದರೆ ಬ್ರಿಡ್ಜ್‌ನವರೆಗೆ ಓಡಿಸಿ ಸಾಲುಗಳನ್ನು ನೋಡಿ. ಜೊತೆಗೆ ಹಾರ್ಮೋನಿಯಂ ಅಥವಾ ತಂಬೂರಿ ಆ್ಯಪ್ ಹಿಡಿದು ಪಲ್ಲವಿಯ ಷಡ್ಜ ಐದೂವರೆ ಮನೆಗೆ ಕೂರುತ್ತದೋ ಐದಕ್ಕೋ ಪರೀಕ್ಷಿಸಿ.

ಮೆಂಜೆಲ್ ಆವೃತ್ತಿಯ ವ್ಯಾಪ್ತಿ ಎಫ್3ರಿಂದ ಇ-ಫ್ಲ್ಯಾಟ್5ರವರೆಗೆ. ಐದೂವರೆ ಮನೆಯ ಷಡ್ಜದಿಂದ ಎಣಿಸಿದರೆ ಮಂದ್ರ ಧೈವತದಿಂದ ತಾರ ಪಂಚಮದವರೆಗೆ, ಎರಡು ಸ್ಥಾಯಿಗೆ ಒಂದೇ ಸ್ವರ ಕಡಿಮೆ. ಮಂದ್ರ ಪಂಚಮದಿಂದ ತಾರ ಪಂಚಮದವರೆಗೆ ಸಾಧನೆ ಮಾಡಿದ ಗಾಯಕಿಗೆ ಇದು ಅಳತೆ ಕೊಟ್ಟು ಹೊಲಿಸಿದಷ್ಟು ಸರಿ. ಒಂದು ಮನೆ ಶ್ರುತಿಯ ಪುರುಷರು ಟ್ರ್ಯಾಕನ್ನು ನಾಲ್ಕು ಅರ್ಧಸ್ವರ ಏರಿಸಿ, ಒಂದು ಸ್ಥಾಯಿ ಕೆಳಗೆ ಹಾಡಿದರೆ ಅದೇ ಧೈವತ-ಪಂಚಮಗಳ ನಡುವೆ ಇರುತ್ತಾರೆ. ನಾಲ್ಕಕ್ಕಿಂತ ಹೆಚ್ಚು ಏರಿಸಿ ಇಳಿಸಿದರೆ ಆ್ಯಪ್‌ಗಳಲ್ಲಿ ವಾದ್ಯಗಳ ನಾದ ಹಿಂಡಿದಂತೆ ಕೆಡುತ್ತದೆ.

ಮಕ್ಕಳದು ಬೇರೆ ಲೆಕ್ಕ. ಪ್ರಾಥಮಿಕ ಶಾಲೆಯ ಮಗುವಿಗೆ ಸಲೀಸಾಗಿ ಸಿಗುವುದು ಒಂದರಿಂದ ಒಂದೂವರೆ ಸ್ಥಾಯಿ. ಶ್ರುತಿ ಏರಿಸಿದರೆ ಮೊದಲ ಚರಣ ಕೇಳಿಸುತ್ತದೆ, ಕೊನೆಯ ಪಲ್ಲವಿ ಕಿರುಚಾಟವಾಗುತ್ತದೆ. ಇಳಿಸಿದರೆ ಮೇಲಿನದು ಸಿಗುತ್ತದೆ, ಮೊದಲ ಚರಣ ಗಾಳಿಯಾಗುತ್ತದೆ. ಯಾವ ಶ್ರುತಿಯಲ್ಲೂ ಇಡೀ ಹಾಡು ಒಂದೇ ಪುಟ್ಟ ಗಂಟಲಿಗೆ ಹಿಡಿಸುವುದಿಲ್ಲ ಎಂದು ಒಪ್ಪಿಕೊಂಡರೆ ದಾರಿ ಕಾಣುತ್ತದೆ. ತಗ್ಗು ದನಿಯ ಮಗುವಿಗೆ ಚರಣ, ಏರು ದನಿಯ ಮಗುವಿಗೆ ಬ್ರಿಡ್ಜ್, ಪಲ್ಲವಿ ಗುಂಪಿಗೆ. ಕೊನೆಯ ತಾರ ಪಂಚಮ ಯಾರಿಗೂ ಸಿಗದಿದ್ದರೆ ಆ ಸ್ವರಮೇಳಕ್ಕೆ ಹೊಂದುವ ಕೆಳಗಿನ ಸ್ವರವನ್ನು ಕೀಬೋರ್ಡಿನಲ್ಲಿ ಹುಡುಕಿ ಅದನ್ನೇ ಹಾಡಿಸಿ. ಸಭೆಯಲ್ಲಿ ಯಾರಿಗೂ ಕೊರತೆ ಅನ್ನಿಸುವುದಿಲ್ಲ, ಒಡೆದ ದನಿ ಮಾತ್ರ ಎಲ್ಲರಿಗೂ ಕೇಳುತ್ತದೆ.

ಹಾಡು ಕೆಡುವುದು ಸಾಮಾನ್ಯವಾಗಿ ಮೊದಲ ಪಲ್ಲವಿಯಲ್ಲಿ. ಎಲ್ಲರಿಗೂ ಗೊತ್ತಿರುವ ಸಾಲು ಎಂಬ ಹುರುಪಿಗೆ ಇದ್ದ ಶಕ್ತಿಯನ್ನೆಲ್ಲ ಅಲ್ಲೇ ಸುರಿದು ಬಿಡುತ್ತಾರೆ. ಹಾಡಿನ ಕಟ್ಟೋಣ ಮೂರು ಪಲ್ಲವಿಗಳ ಏಣಿ. ಮೊದಲನೆಯದು ಅರ್ಧ ದನಿಗೆ, ಎರಡನೆಯದು ಮುಕ್ಕಾಲಿಗೆ, ಕೊನೆಯದು ಪೂರ್ತಿಗೆ. ಮೈಕ್ ಚರಣದಲ್ಲಿ ಬಾಯಿಗೆ ಎರಡು ಬೆರಳಿನಷ್ಟು ಹತ್ತಿರ, ಕೊನೆಯ ಪಲ್ಲವಿಯಲ್ಲಿ ಒಂದು ಗೇಣು ದೂರ. ಎದೆಯ ದನಿಯನ್ನು ಮೇಲಿನ ಸ್ವರಗಳವರೆಗೆ ಒತ್ತಿ ಒಯ್ಯುವ ಈ ಶೈಲಿಗೆ ಬೆಲ್ಟಿಂಗ್ ಎನ್ನುತ್ತಾರೆ. ತರಬೇತಿಯಿಲ್ಲದೆ ದಿನಕ್ಕೆ ಹತ್ತು ಸಲ ಹಾಗೆ ಹಾಡಿದರೆ ಕಾರ್ಯಕ್ರಮದ ದಿನ ಗಂಟಲು ಕಟ್ಟಿರುತ್ತದೆ. ಅಭ್ಯಾಸದಲ್ಲಿ ಮೇಲಿನ ಸಾಲುಗಳನ್ನು ಮೆಲುದನಿಯಲ್ಲಿ ಹಾಡಿ, ಪೂರ್ತಿ ದನಿಯನ್ನು ದಿನಕ್ಕೆ ಒಂದೆರಡು ಸಲಕ್ಕೆ ಮೀಸಲಿಡುವುದು ಒಳ್ಳೆಯದು.

ಕರ್ನಾಟಕ ಸಂಗೀತ ಕಲಿಯುತ್ತಿರುವ ಮಕ್ಕಳಿಗೆ ಉದ್ದ ಸ್ವರದ ಮೇಲೆ ಗಮಕ ತಾನಾಗಿ ಬಂದುಬಿಡುತ್ತದೆ. ಇಲ್ಲಿ ಸ್ವರ ಅಲುಗದೆ ನಿಲ್ಲಬೇಕು, ಇಲ್ಲದಿದ್ದರೆ ಪಿಯಾನೊದ ಸ್ವರಮೇಳಕ್ಕೂ ದನಿಗೂ ಜಗಳವಾಗುತ್ತದೆ. ಉಚ್ಚಾರದಲ್ಲಿ ಮಾತ್ರ ಕನ್ನಡದ ನಾಲಿಗೆಗೆ ಒಂದು ಅನುಕೂಲ ಇದೆ. ‘ಗೋ’ ಎಂಬ ದೀರ್ಘವನ್ನು ನಾವು ಶುದ್ಧವಾಗಿ ಎಳೆಯುತ್ತೇವೆ, ಹಾಡುವಾಗ ಅದೇ ಬೇಕಾದದ್ದು. ಇಂಗ್ಲಿಷಿನಂತೆ ಕೇಳಿಸಲಿ ಎಂದು ‘ಗೌ’ ಮಾಡಲು ಹೋದರೆ ತುಟಿ ಬೇಗ ಮುಚ್ಚಿ ನಾದ ಕುಗ್ಗುತ್ತದೆ.

ಬೇರೆ ಭಾಷೆಗೆ ಕೂರಿಸುವುದು

2014ರ ಜನವರಿಯಲ್ಲಿ ಡಿಸ್ನಿ ಈ ಹಾಡನ್ನು 25 ಭಾಷೆಗಳಲ್ಲಿ ಸಾಲುಸಾಲಾಗಿ ಪೋಣಿಸಿದ ವೀಡಿಯೊ ಬಿಟ್ಟಿತು. ಅದರಲ್ಲಿ ಭಾರತದ ಭಾಷೆ ಒಂದೂ ಇರಲಿಲ್ಲ. ಡಬ್ಬಿಂಗ್ ಹಾಡಿಗೆ ಅರ್ಥ, ಉಚ್ಚಾರಾಂಶಗಳ ಲೆಕ್ಕ, ತುಟಿಯ ಆಕಾರ ಮೂರೂ ಒಟ್ಟಿಗೆ ಕೂರಬೇಕು. ಮೂಲದ ಪಲ್ಲವಿಯ ಮಾತು ಎರಡು ಗಿಡ್ಡ, ಒಂದು ಉದ್ದ. ನಮ್ಮ ಛಂದಸ್ಸಿನಲ್ಲಿ ಲಘು-ಲಘು-ಗುರು, ಸಗಣ. ಜಪಾನೀ ಅನುವಾದಕರು ಅರ್ಥವನ್ನು ‘ನಾನಿರುವಂತೆಯೇ’ ಎಂಬುದರತ್ತ ತಿರುಗಿಸಿ, ‘ಅರಿನೊ ಮಮನೊ’ ಎಂದು ಮೂರು ಮೂರು ಉಚ್ಚಾರಾಂಶಗಳಾಗಿ ಕೂರಿಸಿದರು. ಎರಡೂ ‘ಒ’ಕಾರಕ್ಕೆ ನಿಲ್ಲುವುದರಿಂದ ಎಲ್ಸಾಳ ದುಂಡಗಾದ ತುಟಿಗೂ ಹೊಂದಿತು. ಕನ್ನಡದಲ್ಲಿ ‘ಬಿಡು ನೀ’ ಎಂದರೆ ಗಣ ಸರಿಯಾಗಿ ಬೀಳುತ್ತದೆ, ಆದರೆ ‘ಈ’ಕಾರಕ್ಕೆ ತುಟಿ ಅಗಲವಾಗುತ್ತದೆ, ಏರು ಸ್ವರವೂ ಸಣ್ಣದಾಗುತ್ತದೆ. ಪರದೆಯಿಲ್ಲದ ವೇದಿಕೆಗೆ ತುಟಿಯ ಚಿಂತೆ ಇಲ್ಲ, ನಾದದ ಚಿಂತೆ ಉಳಿದೇ ಉಳಿಯುತ್ತದೆ.

ಕವರ್ ಹಾಡಿಗೆ ಯಾರ ಅನುಮತಿ

ಬೇರೆಯವರ ಹಾಡನ್ನು ಹೊಸದಾಗಿ ಹಾಡಿ ರೆಕಾರ್ಡ್ ಮಾಡುವುದಕ್ಕೆ ಕವರ್ ಎನ್ನುತ್ತಾರೆ. ಒಂದು ಹಾಡಿನಲ್ಲಿ ಎರಡು ಬಗೆಯ ಹಕ್ಕು ಅಡಗಿರುತ್ತದೆ. ಸಾಹಿತ್ಯ ಮತ್ತು ಸಂಯೋಜನೆಯದು ಒಂದು, ರೆಕಾರ್ಡಿಂಗ್‌ನದು ಇನ್ನೊಂದು. ಮೆಂಜೆಲ್ ಮತ್ತು ಲೊವಾಟೊ ಅವರವು ಬೇರೆ ಬೇರೆ ರೆಕಾರ್ಡಿಂಗ್‌ಗಳು, ಬೇರಿನ ಹಾಡು ಒಂದೇ. ನೀವು ಹೊಸದಾಗಿ ಹಾಡಿದರೆ ಹಳೆಯ ರೆಕಾರ್ಡಿಂಗ್ ಮುಟ್ಟಿದಂತಾಗುವುದಿಲ್ಲ, ಹಾಡನ್ನಂತೂ ಮುಟ್ಟುತ್ತೀರಿ. ಕರೋಕೆ ಟ್ರ್ಯಾಕ್ ಬಳಸಿದರೆ ಅದನ್ನು ಮಾಡಿದವರ ಹಕ್ಕೂ ಸೇರುತ್ತದೆ.

ಭಾರತದ 1957ರ ಹಕ್ಕುಸ್ವಾಮ್ಯ ಕಾಯಿದೆಗೆ 2012ರಲ್ಲಿ ಸೇರಿದ 31ಸಿ ಕಲಂ ಕವರ್ ರೆಕಾರ್ಡಿಂಗ್‌ಗೆ ದಾರಿ ತೋರಿಸುತ್ತದೆ. ಮೊದಲ ರೆಕಾರ್ಡಿಂಗ್ ಆದ ವರ್ಷ ಮುಗಿದು ಐದು ಕ್ಯಾಲೆಂಡರ್ ವರ್ಷ ಕಳೆದಿರಬೇಕು. ಮುಂಚೆಯೇ ನೋಟಿಸ್ ಕೊಡಬೇಕು. ವರ್ಷಕ್ಕೆ ಕನಿಷ್ಠ 50,000 ಪ್ರತಿಗಳ ಲೆಕ್ಕದಲ್ಲಿ ರಾಯಧನವನ್ನು ಮುಂಗಡ ಕಟ್ಟಬೇಕು. ಹೊದಿಕೆಯ ಮೇಲೆ ಮೂಲ ಗಾಯಕರ ಹೆಸರು, ಭಾವಚಿತ್ರ ಹಾಕುವಂತಿಲ್ಲ, ಇದು ಕವರ್ ಎಂದು ಬರೆದಿರಬೇಕು. ಸಾಹಿತ್ಯ, ಸಂಗೀತವನ್ನು ಒಪ್ಪಿಗೆಯಿಲ್ಲದೆ ತಿದ್ದುವಂತಿಲ್ಲ. ಲೊವಾಟೊ ಆವೃತ್ತಿಯಂತೆ ಬ್ರಿಡ್ಜ್ ಬದಲಿಸುವುದಕ್ಕೆ ಹಕ್ಕುದಾರರೇ ಮನಸ್ಸು ಮಾಡಬೇಕು. ಕನ್ನಡಕ್ಕೆ ಅನುವಾದಿಸಿ ಪ್ರಕಟಿಸುವುದಕ್ಕೂ ಪ್ರತ್ಯೇಕ ಅನುಮತಿ ಬೇಕು. ಕಲಂ ಹೇಳುವುದು ಧ್ವನಿಮುದ್ರಿಕೆಯ ಬಗ್ಗೆ ಮಾತ್ರ. ವೀಡಿಯೊ ಮಾಡಿದರೆ ದೃಶ್ಯಕ್ಕೆ ಹಾಡನ್ನು ಜೋಡಿಸುವ ಹಕ್ಕು ಬೇರೆಯೇ. ಯೂಟ್ಯೂಬ್‌ನಲ್ಲಿ ಕವರ್‌ಗಳು ಉಳಿದುಕೊಳ್ಳುವುದು ಬಹಳಷ್ಟು ಸಲ ಹಕ್ಕುದಾರರು ಅವುಗಳನ್ನು ತೆಗೆಸುವ ಬದಲು ಜಾಹೀರಾತಿನ ಹಣ ಪಡೆಯಲು ಒಪ್ಪಿರುವುದರಿಂದ. ಆ ಒಪ್ಪಿಗೆ ಅವರ ಕೈಯಲ್ಲಿದೆ, ಯಾವಾಗ ಬೇಕಾದರೂ ಬದಲಾಗಬಹುದು.

ಶಾಲೆಯ ವೇದಿಕೆಗೆ ಇಷ್ಟೆಲ್ಲ ತೊಡಕಿಲ್ಲ. ಶಾಲಾ ಚಟುವಟಿಕೆಯ ಭಾಗವಾಗಿ ಶಿಕ್ಷಕರು, ವಿದ್ಯಾರ್ಥಿಗಳು ಹಾಡುವುದಕ್ಕೆ ಅದೇ ಕಾಯಿದೆಯ 52ನೇ ಕಲಮಿನಲ್ಲಿ ವಿನಾಯಿತಿ ಇದೆ. ಟ್ರ್ಯಾಕ್ ನುಡಿಸುವುದಾದರೆ ಸಭಿಕರು ಶಾಲೆಯವರು, ಪೋಷಕರು ಮತ್ತು ಶಾಲೆಯ ಚಟುವಟಿಕೆಗಳಿಗೆ ಸಂಬಂಧಪಟ್ಟವರಷ್ಟೇ ಆಗಿರಬೇಕು. ಟಿಕೆಟ್ ಇಟ್ಟು ಊರಿಗೆಲ್ಲ ತೆರೆದರೆ, ಅಥವಾ ಅದರ ವೀಡಿಯೊವನ್ನು ಶಾಲೆಯ ಚಾನೆಲ್ಲಿಗೆ ಹಾಕಿದರೆ, ಈ ವಿನಾಯಿತಿ ಜೊತೆಗೆ ಬರುವುದಿಲ್ಲ.